ಮೂರು ಪಟ್ಟು, ಮೇಲೊಂದು ಕೊಸರು

ಸೇರು ಅಳೆದು ಸುರಿದ ಮೇಲೆ ನನ್ನ ಬಲಗೈ ತಾನಾಗಿ ಮತ್ತೆ ರಾಶಿಗೆ ಹೋಗುತ್ತದೆ. ಹೋಗು ಎಂದು ನಾನು ಹೇಳುವುದಿಲ್ಲ. ಒಂದು ಹಿಡಿ ಮಂಡಕ್ಕಿ ಎತ್ತಿ, ಗಿರಾಕಿಯ ಚೀಲಕ್ಕೆ ಹಾಕಿ, ಏನೂ ಮಾಡದವರ ಹಾಗೆ ಬಂದು ತೊಡೆಯ ಮೇಲೆ ಕೂರುತ್ತದೆ. ಇದಕ್ಕೆ ಕೊಸರು ಎನ್ನುತ್ತಾರೆ. ಚೀಲ ಹಿಡಿದು ಸಂತೆಗೆ ಹೋದವರಾದರೆ ನೀವೂ ಕೇಳಿ ಹಾಕಿಸಿಕೊಂಡಿರುತ್ತೀರಿ. ಕೇಳದೆ ಹಾಕಿದವನು ಒಳ್ಳೆಯ ವ್ಯಾಪಾರಿ. ಕೇಳಿದ ಮೇಲೆ ಹಾಕಿದವನು ಸಾಧಾರಣದವನು. ಕೇಳಿದರೂ ಹಾಕದವನ ಗಿರಾಕಿ ಮುಂದಿನ ವಾರ ಪಕ್ಕದ ರಾಶಿಯ ಮುಂದೆ ಕೂತಿರುತ್ತಾಳೆ.

ಈ ಕೈ ಮನೆಯಲ್ಲೂ ಸುಮ್ಮನಿರುವುದಿಲ್ಲ. ಪಂಕ್ತಿಯಲ್ಲಿ ಬಡಿಸಲು ನಿಂತರೆ ಸೌಟು ಸುರಿದು, ಮೇಲೊಂದು ಅರ್ಧ ಸೌಟು ಹಾಕಿಯೇ ಮುಂದಿನ ಎಲೆಗೆ ಹೋಗುತ್ತೇನೆ. ಕೊನೆಯ ಎಲೆಗಳಿಗೆ ಬರುವ ಹೊತ್ತಿಗೆ ಪಾತ್ರೆ ಬರಿದು. ಒಮ್ಮೆ ನ್ಯಾಮತಿಯಲ್ಲಿ ಯಾತ್ರೆಗೆ ಹೊರಟ ಯಾರೋ ಸೂರಗೊಂಡನಕೊಪ್ಪದ ದಾರಿ ಕೇಳಿದರು. ಹೇಳಿದೆ. ಅವರು ಹೊರಟ ಮೇಲೆ ಕೂಗಿ ಕರೆದು ಇನ್ನೊಂದು ಒಳದಾರಿಯನ್ನೂ ಹೇಳಿದೆ. ಅವರು ಎರಡರ ನಡುವೆ ಸಿಕ್ಕು ಪಾಪ ಬಹಳ ಹೊತ್ತು ಅಲ್ಲೇ ನಿಂತಿದ್ದರು. ನನ್ನ ಹೆಂಡತಿ ರತ್ನಮ್ಮ ತಲೆ ಚಚ್ಚಿಕೊಂಡಳು.

“ದಾರೀಗೂ ಕೊಸರು ಹಾಕ್ತೀರಲ್ರೀ! ಒಂದು ದಾರಿ ಸಾಲ್ದಾ ಅವರಿಗೆ?”

ಇಂಥ ಕೈ ಇರುವ ಮನುಷ್ಯ ಲೆಕ್ಕದಲ್ಲಿ ಪುಸ್ತಕ ಬರೆದ ಎಂದರೆ ನೀವು ನಂಬಲಿಕ್ಕಿಲ್ಲ. ಬರೆದಿದ್ದೇನೆ. ಅದೂ ಅಂಗಡಿ ಲೆಕ್ಕದ ಪುಸ್ತಕವಲ್ಲ. ಜಗತ್ತಿನಲ್ಲಿ ಯಾರೂ ಇನ್ನೂ ಬಿಡಿಸದ ಲೆಕ್ಕವನ್ನು ಬಿಡಿಸಿದೆ ಎಂದು ಎದೆ ತಟ್ಟಿಕೊಂಡು ಬರೆದ ಪುಸ್ತಕ. ಆ ಬೆರಗು ಇನ್ನೂ ನನ್ನನ್ನು ಪೂರ್ತಿ ಬಿಟ್ಟಿಲ್ಲ.

ನಮ್ಮದು ಹೊನ್ನಾಳಿಯಲ್ಲಿ ಮಂಡಕ್ಕಿ ಭಟ್ಟಿ. ಅಪ್ಪ ಹಾಕಿದ್ದು. ಕಾದ ಮರಳಿಗೆ ಉಪ್ಪು ನೀರಿನ ಅಕ್ಕಿ ಬಿದ್ದ ಕೂಡಲೇ ಅದು ಚಿಟಚಿಟನೆ ಎದ್ದು ಬಿಳಿಯ ಹೂವಾಗುತ್ತದೆ. ಜರಡಿಗೆ ಎತ್ತುವುದು ಒಂದು ಉಸಿರಿನಷ್ಟು ತಡವಾದರೂ ಕರಕಲು. ಏಳನೇ ಕ್ಲಾಸು ಮುಗಿದ ಬೇಸಿಗೆ ರಜೆಯಲ್ಲಿ ಅಪ್ಪನಿಗೆ ಕೈ ಜೋಡಿಸಲು ಆ ಭಟ್ಟಿಯ ಮುಂದೆ ಕೂತವನು ರಜೆ ಮುಗಿದ ಮೇಲೂ ಏಳಲಿಲ್ಲ. ಯಾರೂ ಏಳಿಸಲೂ ಇಲ್ಲ. ಅದಕ್ಕೆ ನಾನು ಯಾರ ಮೇಲೂ ದೂರು ಹೇಳುವವನಲ್ಲ. ತಗಡಿನ ಸೂರನ್ನು ತಾರಸಿ ಮಾಡಿದ್ದು ನಾನು. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಎಂದು ಸಂತೆ ಸಂತೆಗೂ ನನ್ನ ಲಗೇಜ್ ಆಟೋ ಹೋಗುತ್ತದೆ. ಮಳೆ ಇರಲಿ, ಜ್ವರ ಇರಲಿ, ನನ್ನ ಜಾಗದಲ್ಲಿ ರಾಶಿ ಇಲ್ಲದ ಸಂತೆಯನ್ನು ಗಿರಾಕಿಗಳು ಕಂಡಿಲ್ಲ. ಇನ್ನು ಬಾಯಿಲೆಕ್ಕ. ಎದುರಿನವರು ಫೋನು ತೆಗೆದು ಬೆರಳು ಒತ್ತುವುದರೊಳಗೆ ನನ್ನ ಉತ್ತರ ಅವರ ಕಿವಿ ಮುಟ್ಟಿರುತ್ತದೆ. ಇದನ್ನು ಜಂಬ ಎನ್ನುವವರು ಎನ್ನಲಿ.

ಒಮ್ಮೆ ಮಾತ್ರ ಲೆಕ್ಕಕ್ಕೆ ಏಟು ತಿಂದಿದ್ದೇನೆ. ಅಪ್ಪ ಮೊದಲ ಸಲ ಸಂತೆಯ ಲೆಕ್ಕ ಒಪ್ಪಿಸು ಎಂದಾಗ, ಎಷ್ಟು ಸೇರು ಹೋಯಿತು, ಎಷ್ಟು ಹಿಡಿ ಕೊಸರು ಹೋಯಿತು ಎಂದು ಬೇರೆ ಬೇರೆ ಹೇಳಿದೆ. ಶಹಬ್ಬಾಸ್ ಅನ್ನುತ್ತಾನೆಂದು ಕಾಯುತ್ತಿದ್ದರೆ ಬೆನ್ನ ಮೇಲೆ ದಪ್ಪನೆ ಬಿತ್ತು.

“ಲೇ, ಕೊಸರು ಎಣಿಸ್ತಾರೇನೋ? ಕೊಟ್ಟಿದ್ದು ಕೊಟ್ಟ ಕೂಡ್ಲೇ ಮರೀಬೇಕು. ಕೊಸರು ಎಣಿಸಿದ ಕೈಗೆ ಬರಕತ್ತು ಇರಂಗಿಲ್ಲ.”

ಅಂದಿನಿಂದ ನಾನು ಕೊಸರನ್ನು ಎಣಿಸಿದವನಲ್ಲ. ಮಂಡಕ್ಕಿ ಮಾರುವ ಯಾರನ್ನೇ ಕೇಳಿ, ಅವರೂ ಇದನ್ನೇ ಹೇಳುತ್ತಾರೆ. ರಾಶಿ ಕರಗಿದ್ದಕ್ಕೆ ಸೇರಿನ ಲೆಕ್ಕ ಇರುತ್ತದೆ. ಹಿಡಿಯ ಲೆಕ್ಕ ದೇವರಿಗೆ.

ಚನ್ನಗಿರಿ ಸಂತೆಯಲ್ಲಿ ನನಗೊಬ್ಬರು ಖಾಯಂ ಗಿರಾಕಿ, ತಿಪ್ಪೇಸ್ವಾಮಿ ಮೇಷ್ಟ್ರು. ಊರು ಜಗಳೂರು ಕಡೆ, ಚನ್ನಗಿರಿಯ ಕಾಲೇಜೊಂದರಲ್ಲಿ ಗಣಿತ ಹೇಳುತ್ತಾರೆ. ಕೆರೆಬಿಳಚಿಯ ಅಡಿಕೆ ತೋಟದವರು ಬಂದು ಮೂಟೆಗಟ್ಟಲೆ ಒಯ್ದರೂ ಕೊಸರಿಗೆ ಬಾಯಿ ಬಿಡುವುದಿಲ್ಲ. ಈ ಮೇಷ್ಟ್ರು ಒಯ್ಯುವುದು ಒಂದೇ ಸೇರು, ಕೇಳುವುದು ಎರಡು ಕೊಸರು. ಮೊದಲನೆಯದು ಸೇರಿಗೆ, ಎರಡನೆಯದು ಮೊದಲನೆಯ ಕೊಸರಿಗೆ. ಒಂದು ವಾರ ನನಗೂ ರೇಗಿತು.

“ಕೊಸರಿಗೆ ಕೊಸರು ಅಂತ ಯಾವ ಪುಸ್ತಕದಾಗೆ ಐತೆ ಮೇಷ್ಟ್ರೆ?”

“ಲೆಕ್ಕದಾಗೆ ಹುಲಿ ಅಂತೀರಲ್ಲ ಹಾಲೇಶಪ್ಪ, ಒಂದು ಲೆಕ್ಕ ಕೊಡ್ತೀನಿ. ಬಿಡಿಸಿಬಿಡ್ರಿ, ಜೀವ ಇರೋತನಕ ಕೊಸರು ಕೇಳಲ್ಲ,” ಎಂದು ಮೇಷ್ಟ್ರು ಗೋಣಿಚೀಲದ ಮೇಲೆ ಕೂತೇಬಿಟ್ಟರು. “ಒಂದು ಸಂಖ್ಯೆ ಹೇಳ್ರಿ.”

“ಏಳು.”

“ಬೆಸ ಬಂದರೆ ಮೂರು ಪಟ್ಟು ಮಾಡಿ ಮೇಲೊಂದು ಹಾಕ್ರಿ. ಸಮ ಬಂದರೆ ಅರ್ಧ ಮಾಡ್ರಿ. ಅಷ್ಟೇ. ಹೋಗ್ತಾ ಇರ್ರಿ.”

ನಾನು ಸೇರು ಕೆಳಗಿಡದೆ ಹೊರಟೆ. ಏಳರ ಮೂರು ಪಟ್ಟು ಇಪ್ಪತ್ತೊಂದು, ಮೇಲೊಂದು ಸೇರಿ ಇಪ್ಪತ್ತೆರಡು. ಅರ್ಧ ಹನ್ನೊಂದು. ಅದು ಮೂವತ್ತನಾಲ್ಕಾಯಿತು, ಹದಿನೇಳಾಯಿತು, ಐವತ್ತೆರಡಾಯಿತು, ಇಪ್ಪತ್ತಾರು, ಹದಿಮೂರು, ನಲವತ್ತು, ಇಪ್ಪತ್ತು, ಹತ್ತು, ಐದು. ಐದು ಹದಿನಾರಾಗಿ, ಎಂಟಾಗಿ, ನಾಲ್ಕಾಗಿ, ಎರಡಾಗಿ, ಒಂದಕ್ಕೆ ಬಂದು ನಿಂತಿತು.

“ಯಾವ ಸಂಖ್ಯೆ ಹಿಡಿದರೂ ಕೊನೀಗೆ ಒಂದಕ್ಕೇ ಬರ್ತೈತೆ. ಯಾಕೆ ಬರ್ತೈತೆ, ಎಲ್ಲಾ ಸಂಖ್ಯೆಗೂ ಬಂದೇ ಬರ್ತೈತಾ, ಅದನ್ನ ಹೇಳ್ರಿ.”

“ಅದನ್ನ ನೀವೇ ಹೇಳ್ರಿ. ಸಂಬಳ ತಗಳೋರು ನೀವು.”

“ನಂಗೊತ್ತಿಲ್ಲ.”

“ಮತ್ತೆ ನಿಮಗೆ ಕಲಿಸಿದೋರು?”

“ಅವರಿಗೂ ಗೊತ್ತಿಲ್ಲ. ಅವರಿಗೆ ಕಲಿಸಿದೋರಿಗೂ ಗೊತ್ತಿಲ್ಲ. ಈ ಭೂಮಿ ಮ್ಯಾಲೆ ಯಾರಿಗೂ ಗೊತ್ತಿಲ್ಲ ಹಾಲೇಶಪ್ಪ. ದೊಡ್ಡ ದೊಡ್ಡ ಕಂಪ್ಯೂಟರ್ ಇಟ್ಟು ಎಣಿಸ್ಯಾರೆ. ಎಣಿಸಿದ್ದೆಲ್ಲ ಒಂದಕ್ಕೆ ಬಂದೈತೆ. ಯಾಕೆ ಅಂತ ಗೊತ್ತಿಲ್ಲ.”

ನಾನು ಬೆಪ್ಪಾಗಿ ಕೂತೆ. ನನಗೆ ತಿಳಿದಿದ್ದ ಪ್ರಕಾರ ಜಗತ್ತಿನ ಲೆಕ್ಕಗಳೆಲ್ಲ ದೊಡ್ಡ ಶಾಲೆಗಳಲ್ಲಿ ಬಿಡಿಸಿ ಮುಗಿದಿದ್ದವು. ನಾನು ಅಲ್ಲಿಗೆ ಹೋಗಲಿಲ್ಲ, ಅದಕ್ಕೆ ನನಗೆ ಗೊತ್ತಿಲ್ಲ, ಅಷ್ಟೇ. ಚಂದ್ರನ ಮೇಲೆ ಗಾಡಿ ಇಳಿಸುವ ಜನಕ್ಕೆ ಮೂರು ಪಟ್ಟು ಮಾಡಿ ಒಂದು ಸೇರಿಸುವ ಲೆಕ್ಕ ಬಗೆಹರಿದಿಲ್ಲ ಎಂದರೆ ಏನರ್ಥ? ಮುಂದೆ ಚೀಲ ಚಾಚಿಕೊಂಡು ನಿಂತಿದ್ದ ಹೆಂಗಸು, “ಏನಣ್ಣ, ಗಾಳಿ ಹೊಕ್ಕಂತೆ ಕೂತೀಯಲ್ಲ, ಮಂಡಕ್ಕಿ ಹಾಕ್ತೀಯೋ ಇಲ್ವೋ?” ಎಂದಾಗ ಎಚ್ಚರವಾಯಿತು.

“ಅಂದ್ರೆ ಮೂರು ಸೇರು, ಮೇಲೊಂದು ಕೊಸರು ಅನ್ರಿ,” ಎಂದೆ ಮೇಷ್ಟ್ರಿಗೆ.

ಅವರು ನಕ್ಕು, “ಹಂಗೇ ಅನ್ರಿ,” ಎಂದು ಎರಡನೆಯ ಕೊಸರಿಗೆ ಚೀಲ ಒಡ್ಡಿದರು.

ಅಲ್ಲಿಂದ ನನಗೆ ಹಿಡಿದ ಹುಚ್ಚನ್ನು ಹೇಗೆ ಹೇಳಲಿ. ಆಟೋದ ನಂಬರು ಕಂಡರೆ ಅರ್ಧ ಮಾಡುವುದು, ಬಸ್ಸಿನ ಟಿಕೆಟ್ಟು ಕಂಡರೆ ಮೂರು ಪಟ್ಟು ಮಾಡುವುದು. ಎಲ್ಲವೂ ಒಂದಕ್ಕೆ ಬರುತ್ತಿದ್ದವು, ಸಂಜೆ ಕೊಟ್ಟಿಗೆಗೆ ದನ ಬಂದ ಹಾಗೆ. ಆಮೇಲೆ ಸೊಕ್ಕೆಗೆ ಹೋದೆವು. ಜಗಳೂರಿನ ಆಚೆಯ ಸೊಕ್ಕೆ ರತ್ನಮ್ಮನ ತವರು. ಉಂಡು ಅಂಗಳದಲ್ಲಿ ಕೂತಿದ್ದಾಗ ಬಾಮೈದ ಬಸಣ್ಣ ಬಿತ್ತನೆಗೆ ತೆಗೆದಿಟ್ಟ ಶೇಂಗಾ ಕಣ್ಣಿಗೆ ಬಿತ್ತು. ಕಾಳು ಇಟ್ಟು ಮಾಡಿದರೆ ಒಳಗಿನ ಗುಟ್ಟು ಕಣ್ಣಿಗೇ ಕಾಣಬಹುದು ಎಂದು ಇಪ್ಪತ್ತೇಳು ಕಾಳು ಎಣಿಸಿಕೊಂಡು ಶುರು ಮಾಡಿದೆ.

ಇಪ್ಪತ್ತೇಳು ಎಂಬ ಸಂಖ್ಯೆಯನ್ನು ನೀವು ಎಂದೂ ಅಂಗಳಕ್ಕೆ ಕರೆಯಬೇಡಿ. ಎಂಬತ್ತೆರಡಾಯಿತು, ನಲವತ್ತೊಂದಾಯಿತು, ನೂರಿಪ್ಪತ್ತನಾಲ್ಕಾಯಿತು. ಇಳಿದೇ ಇಳಿಯುತ್ತದೆ ಎಂದು ನೋಡುತ್ತಿದ್ದರೆ ಇನ್ನೂರು ದಾಟಿತು, ಮುನ್ನೂರು ದಾಟಿತು. ಒಂದು ಹೆಜ್ಜೆ ಇಳಿದು ಎರಡು ಹೆಜ್ಜೆ ಹತ್ತುತ್ತದೆ. ಚೀಲದಿಂದ ನಾನು ಸುರಿಯುತ್ತಲೇ ಇದ್ದೆ.

“ಭಾವ, ಬಿತ್ತನೆ ಶೇಂಗಾ ಅದು,” ಎಂದ ಬಸಣ್ಣ.

“ತಡಿಯೋ, ಈಗ ಇಳೀತೈತೆ.”

ಅವನು ಒಳಗೆ ಹೋಗಿ, “ಅಕ್ಕ, ಭಾವಗೆ ಹುಷಾರಿಲ್ವಾ?” ಎಂದಿದ್ದು ಅಂಗಳಕ್ಕೂ ಕೇಳಿಸಿತು. ಅವಳು, “ಅವರಿಗೆ ಹುಷಾರು ಹೆಚ್ಚಾಗೈತಪ್ಪ, ಅದೇ ರೋಗ,” ಎಂದಳು.

ಕಾಳು ಸಾಲದೆ ಫೋನು ತೆಗೆದೆ. ಅಂಗಳದ ಆ ಇಪ್ಪತ್ತೇಳು ಕಾಳು ಒಂಬತ್ತು ಸಾವಿರ ದಾಟಿತು. ಇದು ಇಳಿಯುವುದೇ ಇಲ್ಲ, ಜಗತ್ತಿನಲ್ಲಿ ಯಾರಿಗೂ ಸಿಗದ ತಪ್ಪಿದ ಸಂಖ್ಯೆ ಸೊಕ್ಕೆಯಲ್ಲಿ ನನಗೆ ಸಿಕ್ಕಿತು ಎಂದುಕೊಂಡೆ. ಅಷ್ಟರಲ್ಲಿ ಅದು ಜಾರತೊಡಗಿತು. ಸಾವಿರ ಸಾವಿರ ಉದುರಿಸಿಕೊಂಡು, ನೂರಕ್ಕೆ ಬಂದು, ಹತ್ತಕ್ಕೆ ಬಂದು, ಕೊನೆಗೆ ಎಲ್ಲರ ಹಾಗೆ ಒಂದಕ್ಕೆ ಬಂದು ಕೂತಿತು. ಅಷ್ಟು ಎತ್ತರಕ್ಕೆ ಹೋದದ್ದನ್ನು ಹಿಂದಕ್ಕೆ ಕರೆದವರು ಯಾರು? ಒಂದೇ ಒಂದು ಶೇಂಗಾ ಅಂಗೈಯಲ್ಲಿ ಉಳಿಸಿಕೊಂಡು ಮಿಕ್ಕದ್ದನ್ನು ಚೀಲಕ್ಕೆ ತುಂಬಿದೆ.

ಆ ಮಳೆಗಾಲ ಭಟ್ಟಿಯಲ್ಲಿ ಎಷ್ಟು ಸಲ ಮಂಡಕ್ಕಿ ಕರಕಲಾಯಿತೋ. ಜರಡಿ ಎತ್ತಬೇಕಾದ ಹೊತ್ತಿಗೆ ನಾನು ನೂರಾ ಅರವತ್ತೊಂದರ ಮೂರು ಪಟ್ಟಿನಲ್ಲಿ ಇರುತ್ತಿದ್ದೆ. “ನಿಮ್ಮ ಒಂದು ಬರಲಿ ಬಿಡಲಿ, ನಮ್ಮ ಮಂಡಕ್ಕಿ ಇದ್ದಲು ಆತು,” ಎಂದು ರತ್ನಮ್ಮ ಜರಡಿ ಕಸಿದುಕೊಳ್ಳುತ್ತಿದ್ದಳು.

ದಾರಿ ಹೊಳೆದದ್ದು ಜಗಳೂರು ಸಂತೆ ಮುಗಿಸಿ ಬರುವಾಗ. ರಾಶಿ ಖಾಲಿಯಾಗಿತ್ತು, ಆಟೋ ಹಗುರವಾಗಿ ಕುಣಿಯುತ್ತಿತ್ತು. ಖಾಲಿ! ಅದೇ ಉತ್ತರ ಅನಿಸಿತು. ಬೆಸ ಸಂಖ್ಯೆ ಮೂರು ಪಟ್ಟಾಗುತ್ತದೆ. ಆಮೇಲೆ ಅರ್ಧವಾಗುತ್ತದೆ, ಆದರೆ ಒಂದೇ ಸಲ ಅಲ್ಲ. ಒಮ್ಮೊಮ್ಮೆ ಎರಡು ಸಲ, ಒಮ್ಮೊಮ್ಮೆ ಮೂರು, ನಾಲ್ಕು ಸಲ ಬಿಡದೆ ಅರ್ಧವಾಗುತ್ತದೆ. ಬಿಡಿಸಿಟ್ಟದ್ದನ್ನೆಲ್ಲ ಒಟ್ಟು ಹಾಕಿ ನೋಡಿದರೆ ಸರಾಸರಿ ಎರಡು ಸಲ. ಎರಡು ಸಲ ಅರ್ಧ ಎಂದರೆ ನಾಲ್ಕರಲ್ಲಿ ಒಂದು ಪಾಲು ಉಳಿಯಿತು. ಬಂದದ್ದು ಮೂರು ಪಟ್ಟು, ಹೋದದ್ದು ನಾಲ್ಕು ಪಟ್ಟು. ಬರುವುದಕ್ಕಿಂತ ಹೋಗುವುದು ಹೆಚ್ಚಾದ ರಾಶಿ ಎಷ್ಟೇ ದೊಡ್ಡದಿರಲಿ, ಒಂದು ದಿನ ತಳ ಕಾಣಲೇಬೇಕು. ಸಂತೆಯಲ್ಲಿ ಕೂತ ಯಾರಿಗಾದರೂ ತಿಳಿಯುವ ಮಾತು.

ಮತ್ತೆ ಆ ಮೇಲಿನ ಒಂದು? ಅದನ್ನು ನಾನು ಹಿಡಿಯಲಿಲ್ಲ. ಕೊಸರು ತಾನೆ. ಲಕ್ಷದ ರಾಶಿಯ ಮುಂದೆ ಒಂದು ಕಾಳಿನ ಮಾತೇನು?

ಬರೆಯಲು ಕೂತೆ. ಏಳನೇ ಕ್ಲಾಸಿನವನ ಅಕ್ಷರ, ಆದರೂ ಒಂದೊಂದು ಸಾಲನ್ನೂ ಜರಡಿ ಹಿಡಿದು ಬರೆದೆ. “ಒಂದಕ್ಕೆ ಬರುವ ದಾರಿ” ಎಂದು ಹೆಸರಿಟ್ಟು ನ್ಯಾಮತಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ನಜೀರ್ ಸಾಹೇಬರಿಗೆ ಕೊಟ್ಟೆ. ಅವರು ಹಾಳೆಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಹಾಲೇಶಣ್ಣ, ಇದರಾಗೆ ವರ ಎಲ್ಲಿ, ವಧು ಎಲ್ಲಿ?”

“ಇದು ಗಣಿತ ಸಾಹೇಬ್ರೆ. ದುನಿಯಾದಾಗೆ ಯಾರೂ ಬಿಡಿಸದ ಲೆಕ್ಕ.”

“ಯಾ ಅಲ್ಲಾ! ಅಂಥದ್ದು ನಮ್ಮ ಪ್ರೆಸ್ಸಿಗೆ ಬಂತಾ?” ಎಂದು ಅವರು ಕುರ್ಚಿಯಿಂದ ಎದ್ದೇ ನಿಂತರು. ಗೌರವಕ್ಕೆ ಕೊರತೆಯಾಗಬಾರದೆಂದು ತಮ್ಮಲ್ಲಿದ್ದ ಅತಿ ಒಳ್ಳೆಯ ಅಂಚನ್ನು ಹೊದಿಕೆಗೆ ಹಾಕಿದರು. ಹಾಗಾಗಿ ನನ್ನ ಪುಸ್ತಕದ ಮೇಲೆ ಗಣಪತಿ, ಎರಡು ಕಡೆ ಬಾಳೆಕಂಬ, ಕೆಳಗೆ ಓಲಗದವರು. ಹಿಂದಿನ ಹೊದಿಕೆಯಲ್ಲಿ ನಾನೇ ಹೇಳಿ ಒಂದು ಸಾಲು ಹಾಕಿಸಿದೆ. ಸಮಾನ ಸಾಲುಗಳಾಗಿ ಜೋಡಿಸಲು ಬಾರದ ಒಂಟಿ ಸಂಖ್ಯೆಗಳಿವೆಯಲ್ಲ, ಮೇಷ್ಟ್ರ ಬಾಯಲ್ಲಿ ಅವಿಭಾಜ್ಯ, ಮೂರು, ಐದು, ಏಳು, ಹನ್ನೊಂದು, ಇಂಥವು. ನಾಲ್ಕರಿಂದ ಮುಂದಿನ ಯಾವ ಸಮ ಸಂಖ್ಯೆಯನ್ನು ತೆಗೆದುಕೊಂಡರೂ ಅದು ಇಂಥ ಎರಡರ ಮೊತ್ತವೇ ಆಗಿರುತ್ತದಂತೆ. ಅದೂ ಇನ್ನೂ ಬಗೆಹರಿಯದ ಲೆಕ್ಕ ಎಂದು ಮೇಷ್ಟ್ರು ಹೇಳಿದ್ದರು. “ಅದನ್ನೂ ಈ ಲೇಖಕರು ಶೀಘ್ರದಲ್ಲೇ ಬಿಡಿಸಲಿದ್ದಾರೆ” ಎಂದು ಹಾಕಿಸಿದ್ದೆ. ಈಗ ಓದಿದರೆ ಕಿವಿ ಬಿಸಿಯಾಗುತ್ತದೆ.

ವಿಶ್ವವಿದ್ಯಾಲಯಗಳಿಗೆ ಕಳಿಸಿದೆ. ಯಾರೂ ಉತ್ತರ ಬರೆಯಲಿಲ್ಲ. ಹೊನ್ನಾಳಿಯ ಸಂತೆ ವ್ಯಾಪಾರಿಗಳು ಮಾತ್ರ, ನಮ್ಮವನೊಬ್ಬ ಇಂಥ ಕೆಲಸ ಮಾಡಿದ್ದಾನೆ, ಸುಮ್ಮನೆ ಬಿಡಬಾರದು ಎಂದು ಬೆಲ್ಲದ ಮಲ್ಲಣ್ಣನನ್ನು ಮುಂದೆ ಮಾಡಿಕೊಂಡು ಭಾನುವಾರಕ್ಕೆ ಸಮುದಾಯ ಭವನ ಹಿಡಿದರು. ನನ್ನ ಮುಖದ ಫ್ಲೆಕ್ಸ್ ಬಸ್‌ಸ್ಟ್ಯಾಂಡಿನ ಹತ್ತಿರ ನಿಂತಿತು. ಪುಸ್ತಕ ಬಿಡುಗಡೆಗೆ ತಿಪ್ಪೇಸ್ವಾಮಿ ಮೇಷ್ಟ್ರೇ ಬರಬೇಕು ಎಂದು ನಾನು ಹಟ ಹಿಡಿದೆ. ಪುಸ್ತಕ ಕೈಗೆ ಕೊಟ್ಟು, “ಓದಿ, ವೇದಿಕೆ ಮ್ಯಾಲೆ ಸರಿ ಐತೆ ಅಂತ ಒಂದು ಮಾತು ಅಂದ್ಬಿಡ್ರಿ ಸಾಕು,” ಎಂದೆ. ಶಾಲು ಹಾರ ನನಗೆ ಬೇಕಿರಲಿಲ್ಲ. ಬೇಕಿದ್ದದ್ದು ಆ ಒಂದು ಮಾತು. ಭಟ್ಟಿಯ ಮುಂದೆ ಕೂತು ಏಳದೆ ಹೋದವನಿಗೆ, ಗಣಿತ ಓದಿದವರೊಬ್ಬರು ಎಲ್ಲರ ಎದುರು ಸರಿ ಎನ್ನಬೇಕು. ಅದಕ್ಕಾಗಿ ನಾನು ಮಗುವಿನಂತೆ ಕಾಯುತ್ತಿದ್ದೆ.

ಶನಿವಾರ ಬೆಳಿಗ್ಗೆ ಮೇಷ್ಟ್ರು ಚನ್ನಗಿರಿಯಿಂದ ಬಸ್ಸು ಹತ್ತಿ ಭಟ್ಟಿಗೇ ಬಂದರು. ಬೆಂಚಿನ ಮೇಲೆ ಕೂತರು. ಒಂದು ಸೇರು ಮಂಡಕ್ಕಿ ಕೇಳಿದರು. ಅಳೆದು ಸುರಿದೆ. ಕೈ ಎಂದಿನಂತೆ ರಾಶಿಗೆ ಹೋಯಿತು.

“ಕೊಸರು ಬ್ಯಾಡ,” ಎಂದರು ಮೇಷ್ಟ್ರು.

ಲೆಕ್ಕ ಬಿಡಿಸಿದರೆ ಜೀವ ಇರುವತನಕ ಕೊಸರು ಕೇಳುವುದಿಲ್ಲ ಎಂದಿದ್ದ ಮನುಷ್ಯ! “ರತ್ನಾ, ಬಾ ಇಲ್ಲಿ, ಮೇಷ್ಟ್ರು ಒಪ್ಪಿದರು!” ಎಂದು ಕೂಗಿಯೇಬಿಟ್ಟೆ. ಅವಳು ಕೈ ಒರೆಸಿಕೊಳ್ಳುತ್ತಾ ಬಂದಳು. ಮೇಷ್ಟ್ರ ಮುಖದಲ್ಲಿ ನಗು ಇರಲಿಲ್ಲ.

“ಇವತ್ತೊಂದು ದಿನ ಕೊಸರು ಹಾಕದೇ ಲೆಕ್ಕ ಮಾಡಿ ನೋಡೋಣ ಹಾಲೇಶಪ್ಪ. ನಿಮ್ಮ ಪುಸ್ತಕದಾಗೆ ಮಾಡೀರಲ್ಲ, ಹಂಗೆ. ಮೂರು ಹಿಡೀರಿ. ಮೂರು ಪಟ್ಟು ಎಷ್ಟು?”

“ಒಂಬತ್ತು.”

“ಮೇಲೆ ಒಂದು ಹಾಕಬ್ಯಾಡ್ರಿ. ಅದನ್ನ ನೀವು ಬಿಟ್ಟೀರಿ. ಒಂಬತ್ತನ್ನ ಅರ್ಧ ಮಾಡ್ರಿ.”

“ಒಂಬತ್ತು ಬೆಸ. ಅರ್ಧ ಹೆಂಗಾಗ್ತೈತೆ? ಮತ್ತೆ ಮೂರು ಪಟ್ಟು. ಇಪ್ಪತ್ತೇಳು.”

“ಅರ್ಧ ಮಾಡ್ರಿ.”

“ಇದೂ ಬೆಸ. ಎಂಬತ್ತೊಂದು.”

“ಅರ್ಧ ಮಾಡ್ರಿ.”

ಬೆಸವನ್ನು ಮೂರು ಪಟ್ಟು ಮಾಡಿದರೆ ಬೆಸವೇ. ಎಷ್ಟು ದೂರ ಹೋದರೂ ಬೆಸವೇ. ಕೊಸರು ಬೀಳದಿದ್ದರೆ ಒಂದು ಸಲವೂ ಅರ್ಧವಾಗುವುದಿಲ್ಲ. ರಾಶಿ ಮೂರು ಪಟ್ಟು, ಮೂರು ಪಟ್ಟು ಎಂದು ಬೆಳೆದು ಭಟ್ಟಿ, ಹೊನ್ನಾಳಿ, ಹೊಳೆ ಎಲ್ಲವನ್ನೂ ಮುಚ್ಚಿಬಿಡುತ್ತದೆ.

“ಅರ್ಧಕ್ಕೆ ಬಾಗಿಲು ತೆಗಿಯೋದೇ ಆ ಒಂದು. ಎಷ್ಟು ಸಲ ಅರ್ಧ ಆಗಬೇಕು ಅಂತ ಹೇಳೋದೂ ಅದೇ,” ಎಂದರು ಮೇಷ್ಟ್ರು. “ಸರಾಸರಿ ಎರಡು ಸಲ ಅಂತ ಬರದೀರಿ. ಅದು ಭಾರಿ ಚಲೋ ಐತೆ, ತಿಳಿದೋರೂ ಅಲ್ಲೀತನಕ ಬರ್ತಾರೆ. ಆದ್ರೆ ಪ್ರತಿ ಸಂಖ್ಯೆಗೂ ಸರಾಸರಿ ಸಿಕ್ಕೇ ಸಿಗ್ತೈತೆ ಅಂತ ಯಾರು ಬರಕೊಟ್ಟಾರೆ? ಯಾವುದೋ ಒಂದಕ್ಕೆ ಒಂದೊಂದೇ ಅರ್ಧ ಸಿಕ್ಕು, ಅದು ಹತ್ತುತಾನೇ ಹೋದರೆ? ಆ ಒಂದು ಎಲ್ಲೆಲ್ಲಿ ಏನೇನು ಮಾಡ್ತೈತೆ ಅಂತ ಯಾರಿಗೂ ಹಿಡಿಯಾಕೆ ಆಗಿಲ್ಲ. ಲೆಕ್ಕ ನಿಂತಿರೋದೇ ಅಲ್ಲಿ. ನೀವು ಅದನ್ನೇ ಬಿಟ್ಟುಬಿಟ್ಟೀರಿ.”

ಮರಳು ಕಾಯುತ್ತಿತ್ತು. ಭಟ್ಟಿಯ ಬಿಸಿ ಮುಖಕ್ಕೆ ಹೊಡೆಯುತ್ತಿತ್ತು. ಯಾರೂ ಎಣಿಸದ ಒಂದು ಹಿಡಿಗೆ ಇಷ್ಟು ಶಕ್ತಿಯೇ? ಅದನ್ನು ಎಣಿಸಬಾರದೆಂದು ಅಪ್ಪ ಹೇಳಿದ್ದ, ಅವನಿಗೆ ಅವನಪ್ಪ ಹೇಳಿದ್ದ. ಬೇರೆ ಯಾವ ಕಸುಬಿನವನಾಗಿದ್ದರೂ ಆ ಒಂದನ್ನು ಬಿಡುತ್ತಿರಲಿಲ್ಲವೇನೋ. ಮಂಡಕ್ಕಿ ಅಳೆಯುವವನು ಮಾತ್ರ ಅದನ್ನು ಅಷ್ಟು ಧಾರಾಳವಾಗಿ ಬಿಡಬಲ್ಲ.

ಬಾಯಿಗೆ ಬಂದದ್ದು ಬೇರೆ ಮಾತು. “ಹೊಟ್ಟೆಕಿಚ್ಚಾ ಮೇಷ್ಟ್ರೆ?”

ಮೇಷ್ಟ್ರು ಸಿಟ್ಟಾಗಲಿಲ್ಲ. ಚೀಲದಿಂದ ನನ್ನ ಪುಸ್ತಕ ತೆಗೆದು ಬೆಂಚಿನ ಮೇಲಿಟ್ಟರು. ಪುಟಪುಟಕ್ಕೂ ಪೆನ್ಸಿಲ್ಲಿನ ಗುರುತು. ಅಂಚಿನಲ್ಲೆಲ್ಲ ಸಣ್ಣ ಸಣ್ಣ ಲೆಕ್ಕ. “ವಾರ ಪೂರ್ತಿ ಕೂತು ಓದೀನಿ. ಇದನ್ನ ಸರಿ ಮಾಡಾಕೆ ಬರ್ತೈತೇನೋ ಅಂತ ನಾನೂ ಒದ್ದಾಡೀನಿ. ಆಗಲಿಲ್ಲ. ನಾಳೆ ವೇದಿಕೆ ಮ್ಯಾಲೆ ಸರಿ ಐತೆ ಅನ್ನಾಕೆ ನನ್ನ ಕೈಲಾಗಲ್ಲ. ಬರಬ್ಯಾಡ ಅಂದ್ರೆ ಬರಲ್ಲ. ಹುಷಾರಿಲ್ಲ ಅಂತೀನಿ, ಯಾರಾದರೂ ಬಿಡುಗಡೆ ಮಾಡ್ಲಿ.”

ಅದು ಸುಲಭದ ದಾರಿ. ಮಲ್ಲಣ್ಣ ಬಿಡುಗಡೆ ಮಾಡುತ್ತಾನೆ, ಶಾಲು ಬೀಳುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ರತ್ನಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಸಂತೆಯಲ್ಲಿ ಕಡಿಮೆ ಹಿಡಿಯಲೆಂದು ತಳ ಒತ್ತಿದ ಸೇರು ಇಟ್ಟುಕೊಂಡು ಅಳೆಯುವವರನ್ನು ನಾನು ಹತ್ತಿರ ಕೂರಿಸಿದವನಲ್ಲ.

“ಬರ್ರಿ ಮೇಷ್ಟ್ರೆ,” ಎಂದೆ. “ನಾನೇ ಹೇಳ್ತೀನಿ.”

ಭಾನುವಾರ ಭವನ ತುಂಬಿತ್ತು. ನಾಲ್ಕೂ ಕಡೆಯ ಸಂತೆಯವರು ಬಂದಿದ್ದರು. ಸೊಕ್ಕೆಯಿಂದ ಬಸಣ್ಣನೂ ಬಂದಿದ್ದ. ಹಿಂದಿನಿಂದ ಗೋಧಿ ಪಾಯಸದ ಘಮ. ಮಲ್ಲಣ್ಣ ಅಧ್ಯಕ್ಷತೆ ವಹಿಸಿ ನನ್ನನ್ನು ಆಕಾಶಕ್ಕೆ ಎತ್ತಿದ. ಮೈಕು ನನ್ನ ಕೈಗೆ ಬಂತು. ಹಿಂದಿನ ದಿನದಿಂದ ಒಳಗೇ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಮಾಯವಾಗಿ ಒಂದೇ ಉಳಿದಿತ್ತು.

“ನನ್ನ ಲೆಕ್ಕ ತಪ್ಪೈತೆ. ಪುಸ್ತಕ ತಪ್ಪು. ನಾನು ಏನೂ ಬಿಡಿಸಿಲ್ಲ.”

ಉಗಿಯುತ್ತಾರೆ, ನಗುತ್ತಾರೆ, ಫ್ಲೆಕ್ಸ್ ಹರಿಯುತ್ತಾರೆ ಎಂದು ನಾನು ಕಣ್ಣು ಮುಚ್ಚಿದೆ. ಮಲ್ಲಣ್ಣ ಮೈಕು ಕಸಿದುಕೊಂಡು, “ನೋಡ್ರಪ್ಪಾ, ಎಂಥ ದೊಡ್ಡ ಗುಣ! ಎಷ್ಟು ಕಲಿತರೂ ತಲಿ ತಗ್ಗಿಸೋದು ಬಿಟ್ಟಿಲ್ಲ!” ಎಂದ. ಚಪ್ಪಾಳೆ ಬಿತ್ತು. ಎಂಥ ಚಪ್ಪಾಳೆ! ಸರಿ ಇದ್ದಿದ್ದರೂ ಅಷ್ಟು ಬೀಳುತ್ತಿರಲಿಲ್ಲ. ಹೆಗಲಿಗೆ ಶಾಲು ಬಂತು, ಕೊರಳಿಗೆ ಹಾರ ಬಂತು.

“ಗುಣ ಅಲ್ಲಪ್ಪೋ, ಲೆಕ್ಕ! ಲೆಕ್ಕ ತಪ್ಪೈತೆ!” ಎಂದು ಕೂಗಿದೆ.

ಇನ್ನೂ ಜೋರಾಗಿ ತಟ್ಟಿದರು. ನಜೀರ್ ಸಾಹೇಬರು ಶಿಳ್ಳೆ ಹಾಕಿದರು.

ಸೋಲಿಗೆ ನಾನು ಸಿದ್ಧನಾಗಿ ಹೋಗಿದ್ದೆ, ಇದಕ್ಕೆ ಸಿದ್ಧನಾಗಿರಲಿಲ್ಲ. ಈ ಜನಕ್ಕೆ ನನ್ನ ಪುಸ್ತಕ ಸರಿಯಿದ್ದರೂ ಒಂದೇ, ತಪ್ಪಿದ್ದರೂ ಒಂದೇ. ಗಣಪತಿ, ಬಾಳೆಕಂಬ ದಾಟಿ ಯಾರೂ ಒಳಗೆ ಹೋಗಿರಲಿಲ್ಲ. ಪ್ರೀತಿಗೆ ಬಂದಿದ್ದರು, ಊಟಕ್ಕೆ ಬಂದಿದ್ದರು. ಅದರಲ್ಲಿ ತಪ್ಪೇನಿಲ್ಲ. ಆದರೆ ಇಡೀ ಭವನದಲ್ಲಿ ಚಪ್ಪಾಳೆ ತಟ್ಟದೆ ಕೂತವರು ಮೇಷ್ಟ್ರೊಬ್ಬರೇ. ನನ್ನ ಪುಸ್ತಕವನ್ನು ಪುಸ್ತಕ ಎಂದು ನಡೆಸಿಕೊಂಡವರೂ ಅವರೊಬ್ಬರೇ ಎಂಬುದು ಆಗ ತಿಳಿಯಿತು. ಹೊಟ್ಟೆಕಿಚ್ಚಾ ಎಂದಿದ್ದೆನಲ್ಲ ಅವರಿಗೆ.

ಆಗ ಹೆಂಗಸರ ಸಾಲಿನಲ್ಲಿ ರತ್ನಮ್ಮ ಎದ್ದು ನಿಂತಳು. ಸಭೆಯಲ್ಲಿ ಬಾಯಿ ತೆಗೆದವಳಲ್ಲ.

“ಚಪ್ಪಾಳೆ ಆಮ್ಯಾಲೆ ತಟ್ರಿ. ಎಲ್ಲಿ ತಪ್ಪೈತೆ ಅಂತ ಮೊದಲು ಹೇಳ್ಲಿ. ಅಷ್ಟು ಮಂಡಕ್ಕಿ ಕರಕಲು ಮಾಡಿದ್ದು ಯಾವ ತಪ್ಪಿಗೆ ಅಂತ ನಂಗೂ ತಿಳೀಲಿ!”

ಜನ ಗೊಳ್ಳೆಂದರು. ನಾನು ಶಾಲು ತೆಗೆದು ಕುರ್ಚಿಗೆ ಹಾಕಿ, ಅವಳಿಗೇ ಹೇಳುವಂತೆ ಹೇಳತೊಡಗಿದೆ. ಸಂಖ್ಯೆ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ, ನಾನು ಎಲ್ಲಿ ಒಂದನ್ನು ಕೊಸರೆಂದು ಬಿಟ್ಟೆ, ಬಿಟ್ಟರೆ ಏನಾಗುತ್ತದೆ. ಮೂರು, ಒಂಬತ್ತು, ಇಪ್ಪತ್ತೇಳು ಎಂದು ಬೆರಳು ಮಡಚಿ ತೋರಿಸಿದೆ. ಕೊಸರು ಎಂದ ಕೂಡಲೇ ಸಂತೆಯವರ ಬೆನ್ನು ನೆಟ್ಟಗಾಯಿತು. ಅವರಲ್ಲಿ ಕೊಸರು ಹಾಕದವರೂ ಇರಲಿಲ್ಲ, ಎಣಿಸಿದವರೂ ಇರಲಿಲ್ಲ.

“ಅಂದ್ರೆ ಕೊಸರು ಹಾಕದಿದ್ರೆ ರಾಶಿ ಖಾಲೀನೇ ಆಗಲ್ಲ?” ಎಂದ ಮಲ್ಲಣ್ಣ, ಅಧ್ಯಕ್ಷತೆ ಮರೆತು.

“ಆಗಲ್ಲ.”

“ಹಾಕಿದ್ರೆ ಆಗೇ ಆಗ್ತೈತೆ?”

“ಅದೇ ಯಾರಿಗೂ ಗೊತ್ತಿಲ್ಲ.”

“ಯಾರಿಗೂ?” ಎಂದು ಮಲ್ಲಣ್ಣ ಬಾಯಿ ತೆರೆದವನು ಮುಚ್ಚಲಿಲ್ಲ. ಚನ್ನಗಿರಿ ಸಂತೆಯಲ್ಲಿ ನನ್ನ ಮುಖವೂ ಹಾಗೆಯೇ ಇದ್ದಿರಬೇಕು. ಯಾರೋ ಹಿಂದಿನಿಂದ, “ಹದಿನೈದು ಹಿಡಿದು ನೋಡ್ರೋ,” ಎಂದರು. ಇನ್ಯಾರೋ ಆಗಲೇ ಹಿಡಿದು ನಲವತ್ತಾರಕ್ಕೆ ಬಂದಿದ್ದರು. ಬಸಣ್ಣ ಎದ್ದು ನಿಂತು, “ಇಪ್ಪತ್ತೇಳರ ತಂಟೆಗೆ ಹೋಗಬ್ಯಾಡ್ರಪ್ಪಾ, ನಮ್ಮ ಶೇಂಗಾನೇ ಸಾಲಲಿಲ್ಲ,” ಎಂದ ತಪ್ಪಿಗೆ ಅರ್ಧ ಭವನ ಇಪ್ಪತ್ತೇಳನ್ನು ಹಿಡಿದುಕೊಂಡಿತು. ಮೇಷ್ಟ್ರು ವೇದಿಕೆಯಿಂದ ಇಳಿದು ಸಾಲುಸಾಲಿಗೆ ಹೋಗಿ, ದಾರಿ ತಪ್ಪಿದವರನ್ನು ತಿದ್ದುತ್ತಿದ್ದರು. ಅಡಿಗೆಯವರು ಎರಡು ಸಲ ಬಂದು ಎಲೆ ಹಾಕಿದ್ದೇವೆ ಎಂದು ಕರೆದು ಹೋದರು. ಪಾಯಸ ಆರಿ ಗಟ್ಟಿಯಾಯಿತು.

ಉಳಿದ ಪುಸ್ತಕಗಳನ್ನು ಆಟೋಕ್ಕೆ ಹೇರಿಕೊಂಡು ಮನೆಗೆ ಹೊರಟೆವು. ಇವನ್ನು ಏನು ಮಾಡುವುದು ಎಂಬ ಚಿಂತೆ ನನಗೆ. ಒಂದೊಂದರ ಒಳಗೂ ತಪ್ಪು ಇಂಥಲ್ಲಿದೆ ಎಂದು ಕೈಯಾರೆ ಬರೆದು, ಕಳಿಸಿದ್ದ ಕಡೆಗೆಲ್ಲ ಅದನ್ನೂ ಕಳಿಸಬೇಕು ಅನಿಸಿತು. ಪಕ್ಕದಲ್ಲಿ ಕೂತ ರತ್ನಮ್ಮನ ತುಟಿ ಅಲುಗುತ್ತಿತ್ತು. ದೇವರ ನಾಮ ಹೇಳಿಕೊಳ್ಳುತ್ತಿದ್ದಾಳೆ ಎಂದುಕೊಂಡೆ.

“ಮೂವತ್ತೊಂದೂ ಭಾರಿ ಹತ್ತತೈತಲ್ರೀ,” ಎಂದಳು.

ನಾನು ಆಟೋ ನಿಲ್ಲಿಸಿಬಿಟ್ಟೆ.

“ಏನು ನೋಡ್ತೀರಿ? ನಡೀರಿ ಮುಂದೆ,” ಎಂದಳು. “ನಾಳೆಯಿಂದ ಬೆಳಿಗ್ಗೆ ಭಟ್ಟಿ ನಾನು ನೋಡ್ಕಂತೀನಿ. ನೀವು ಒಂದು ತಾಸು ಕೂತು ಬರೀರಿ. ಈ ಸಲ ಎಲ್ಲಾನೂ ಎಣಿಸ್ರಿ.”